ಮಗು ಯಾರದು ಎಂಬ ಪ್ರಶ್ನೆಯನ್ನೇ ಬದಲಿಸಿದ ತಾಯಿ: ಕ್ಯಾರೊಲಿನ್ ನಾರ್ಟನ್

ಲಂಡನ್ನಿನ ಮೇಫೇರ್ ಪ್ರದೇಶದಲ್ಲಿ ಚೆಸ್ಟರ್‌ಫೀಲ್ಡ್ ಸ್ಟ್ರೀಟ್ ಎಂಬ ಪುಟ್ಟ ಬೀದಿಯೊಂದಿದೆ. ಅಲ್ಲಿನ ಮೂರನೆಯ ನಂಬರಿನ ಮನೆಯ ಗೋಡೆಗೆ 2021ರಲ್ಲಿ ನೀಲಿ ಫಲಕವೊಂದನ್ನು ಅಳವಡಿಸಿದರು. ಖ್ಯಾತನಾಮರು ಬಾಳಿದ ಮನೆಗಳನ್ನು ಹೀಗೆ ಗುರುತಿಸುವುದು ಈ ಊರಿನ ಹಳೆಯ ಪದ್ಧತಿ. ಫಲಕದಲ್ಲಿರುವ ಹೆಸರು ಕ್ಯಾರೊಲಿನ್ ನಾರ್ಟನ್. ಇಪ್ಪತ್ತು ವರ್ಷಗಳಿಗೂ ಮೀರಿ ಈ ದೇಶದಲ್ಲಿ ಮಕ್ಕಳ ವೈದ್ಯನಾಗಿ ದುಡಿದಿದ್ದರೂ ಆಕೆಯ ಹೆಸರನ್ನು ನಾನು ಸರಿಯಾಗಿ ಅರಿತದ್ದು ತೀರ ಇತ್ತೀಚೆಗೆ. ಅದೂ ಊರಿನಿಂದ ಬಂದ ಒಂದು ದೂರವಾಣಿ ಕರೆಯ ನಿಮಿತ್ತ.

ಕರೆ ಮಾಡಿದವರು ದಾವಣಗೆರೆ ಕಡೆಯ ವೃದ್ಧ ದಂಪತಿ, ನನ್ನ ಪರಿಚಯಸ್ಥರ ಬಂಧುಗಳು. ಇಲ್ಲಿ ನೆಲೆಸಿದ ಅವರ ಮಗ ಮತ್ತು ಸೊಸೆ ಬೇರೆಯಾಗಿದ್ದರು. ಐದು ವರ್ಷದ ಮೊಮ್ಮಗ ಕಾನೂನಿನ ಪ್ರಕಾರ ಯಾರಿಗೆ ಸೇರಿದವನು ಎಂಬುದು ಅವರ ಪ್ರಶ್ನೆಯಾಗಿತ್ತು. ವಂಶದ ಕುಡಿ ತಮ್ಮ ಮನೆಯದೆಂದು ಅವರ ನಂಬಿಕೆ. ಹೆತ್ತವಳ ಮಡಿಲೇ ಮಗುವಿನ ಮನೆಯೆಂದು ಬೀಗರ ನಂಬಿಕೆ. ನಾನು ವೈದ್ಯನೇ ಹೊರತು ವಕೀಲನಲ್ಲ. ಸಾಲಿಸಿಟರ್ ಒಬ್ಬರನ್ನು ಕಾಣುವಂತೆ ಹೇಳಿ ಫೋನು ಇಟ್ಟೆ. ಆದರೆ ಅವರ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಇಲ್ಲಿನ ನ್ಯಾಯಾಲಯಗಳು ಆ ಪ್ರಶ್ನೆಯನ್ನು ಈಗ ಕೇಳುವುದೇ ಇಲ್ಲ. ಆದರೆ ಒಂದು ಕಾಲದಲ್ಲಿ ಅದೊಂದನ್ನೇ ಕೇಳುತ್ತಿದ್ದವು, ಮತ್ತು ಉತ್ತರವೂ ಒಂದೇ ಆಗಿತ್ತು. ಆ ಉತ್ತರವನ್ನು ಮೊದಲು ಅಲುಗಿಸಿದವಳು, ಅದಕ್ಕಾಗಿ ತೀರಿಸಲಾಗದ ಬೆಲೆ ತೆತ್ತವಳು, ಈ ಕ್ಯಾರೊಲಿನ್.

ಆಕೆ ಹುಟ್ಟಿದ್ದು 1808ರ ಮಾರ್ಚ್ 22ರಂದು, ಲಂಡನ್ನಿನಲ್ಲಿ. ಪ್ರಸಿದ್ಧ ನಾಟಕಕಾರ ಹಾಗೂ ಸಂಸತ್ಸದಸ್ಯ ರಿಚರ್ಡ್ ಬ್ರಿನ್ಸ್ಲಿ ಶೆರಿಡನ್ ಆಕೆಯ ಅಜ್ಜ. ಹೆಸರು ದೊಡ್ಡದು, ಕೈ ಬರಿದು. ತಂದೆ ಟಾಮ್ ಶೆರಿಡನ್ ಆಫ್ರಿಕದ ಕೇಪ್ ವಸಾಹತಿನಲ್ಲಿ ಸರ್ಕಾರಿ ಹುದ್ದೆಯಲ್ಲಿದ್ದಾಗಲೇ 1817ರಲ್ಲಿ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಕೆಲವು ಕೋಣೆಗಳಲ್ಲಿ, ರಾಜಮನೆತನದ ಕೃಪೆಯಿಂದ ಬಾಡಿಗೆಯಿಲ್ಲದೆ ವಾಸಿಸಿದಳು. ಮೂವರು ಹೆಣ್ಣುಮಕ್ಕಳೂ ರೂಪವತಿಯರು, ಮಾತಿನಲ್ಲಿ ಚತುರೆಯರು. ಹಿರಿಯಳಾದ ಹೆಲೆನ್‌ಳ ಮಗನೇ ಮುಂದೆ ಭಾರತದ ವೈಸರಾಯ್ ಆದ ಲಾರ್ಡ್ ಡಫರಿನ್. ಆತನ ಪತ್ನಿ 1885ರಲ್ಲಿ ಸ್ಥಾಪಿಸಿದ ನಿಧಿಯಿಂದಲೇ ನಮ್ಮ ದೇಶದ ಹಲವು ನಗರಗಳಲ್ಲಿ ಡಫರಿನ್ ಹೆಸರಿನ ಹೆರಿಗೆ ಆಸ್ಪತ್ರೆಗಳು ಎದ್ದವು. ವೈದ್ಯವಿದ್ಯಾರ್ಥಿಯಾಗಿದ್ದಾಗ ಆ ಹೆಸರನ್ನು ಎಷ್ಟೋ ಸಲ ಕೇಳಿದ್ದ ನನಗೆ ಈ ನಂಟು ತಿಳಿದಾಗ ಸಣ್ಣ ಅಚ್ಚರಿಯೇ ಆಯಿತು.

ವರದಕ್ಷಿಣೆ ಕೊಡಲು ಗತಿಯಿಲ್ಲದ ಮನೆಯ ಹುಡುಗಿಗೆ ಸಂಬಂಧ ಕೂಡಿಬರುವುದು ಅಂದಿನ ಇಂಗ್ಲೆಂಡಿನಲ್ಲೂ ಸುಲಭವಿರಲಿಲ್ಲ. 1827ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಜಾರ್ಜ್ ನಾರ್ಟನ್ ಎಂಬಾತನನ್ನು ಮದುವೆಯಾದಳು. ಆತ ವಕೀಲ, ಸಂಸತ್ಸದಸ್ಯ, ಗ್ರಾಂಟ್ಲಿ ಪ್ರಭುವಿನ ತಮ್ಮ. ಮದುವೆಯಾದ ಕೆಲವೇ ವಾರಗಳಲ್ಲಿ ಹೊಡೆತ ಬಡಿತ ಶುರುವಾಯಿತು. ಒಮ್ಮೆ ಆತ ಕಾದ ಚಹಾದ ಕೆಟಲನ್ನು ಬೇಕೆಂದೇ ಆಕೆಯ ಕೈಯ ಮೇಲೆ ಊರಿದುದನ್ನು ಆಕೆ ಮುಂದೆ ಬರೆದು ದಾಖಲಿಸಿದ್ದಾಳೆ. 1835ರಲ್ಲಿ ಗರ್ಭಿಣಿಯಾಗಿದ್ದಾಗ ಬಿದ್ದ ಪೆಟ್ಟಿನ ಬಳಿಕ ಗರ್ಭಪಾತವಾಯಿತು. ಮನೆ ಬಿಟ್ಟು ಹೋದದ್ದೂ ಉಂಟು. ಮಕ್ಕಳಿಗಾಗಿ ಮರಳಿ ಬಂದದ್ದೂ ಉಂಟು. ಹಾಗೆ ಮರಳಿದ್ದೇ ಆಕೆಗೆ ಮುಳುವಾಯಿತು. ಕ್ರೌರ್ಯವನ್ನು ಕಾರಣವಾಗಿ ತೋರಿಸಿ ಚರ್ಚಿನ ನ್ಯಾಯಾಲಯದಲ್ಲಿ ಪ್ರತ್ಯೇಕ ವಾಸವನ್ನು ಬೇಡಲು ಪತ್ನಿಗೆ ಅವಕಾಶವಿತ್ತಾದರೂ, ಒಮ್ಮೆ ಗಂಡನೊಡನೆ ಮರಳಿ ಬಾಳಿದವಳು ಹಿಂದಿನ ಅಪರಾಧವನ್ನೆಲ್ಲ ಕ್ಷಮಿಸಿದ್ದಾಳೆಂದೇ ಕಾನೂನು ಭಾವಿಸುತ್ತಿತ್ತು. ಮಕ್ಕಳ ಮುಖ ನೋಡಿ ಸಹಿಸಿಕೋ ಎಂದು ಮಗಳಿಗೆ ಬುದ್ಧಿ ಹೇಳುವ ಹಿರಿಯರು ಇದನ್ನೊಮ್ಮೆ ಗಮನಿಸಬೇಕು.

ಈ ನಡುವೆ ಜಾರ್ಜ್ ಚುನಾವಣೆಯಲ್ಲಿ ಸ್ಥಾನ ಕಳೆದುಕೊಂಡ. ಹೆಂಡತಿಯ ಕುಟುಂಬದ ಪ್ರಭಾವ ಬಳಸಿ ಉದ್ಯೋಗ ಕೊಡಿಸಬೇಕೆಂದು ಆಕೆಯನ್ನೇ ಕಾಡಿದ. ಆಕೆ ಅಂದಿನ ಗೃಹಮಂತ್ರಿ ಲಾರ್ಡ್ ಮೆಲ್ಬರ್ನ್‌ಗೆ ಬರೆದಳು. 1831ರಲ್ಲಿ ಜಾರ್ಜ್‌ಗೆ ಲಂಡನ್ನಿನ ಬಡಜನರ ಕೇರಿಯೊಂದರ ಪೊಲೀಸ್ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟ್ ಹುದ್ದೆ ದೊರೆಯಿತು. ವರ್ಷಕ್ಕೆ 1000 ಪೌಂಡ್ ಸಂಬಳ. ಮನೆಯಲ್ಲಿ ಹೆಂಡತಿಯನ್ನು ಹೊಡೆಯುವಾತ ಹಗಲಿನಲ್ಲಿ ಇತರರ ಹೊಡೆದಾಟಗಳಿಗೆ ತೀರ್ಪು ಕೊಡುತ್ತ ಕುಳಿತ. ಮೆಲ್ಬರ್ನ್ ಆ ಮನೆಗೆ ಆಪ್ತ ಸ್ನೇಹಿತನಾದ. ಕ್ಯಾರೊಲಿನ್ ಕವಿತೆ, ಕಾದಂಬರಿ ಬರೆದು, ವಾರ್ಷಿಕ ಸಂಚಿಕೆಗಳನ್ನು ಸಂಪಾದಿಸಿ ಮನೆ ನಡೆಸಲು ನೆರವಾದಳು. ಫ್ಲೆಚರ್, ಬ್ರಿನ್ಸ್ಲಿ, ವಿಲಿಯಂ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು.

1836ರ ಈಸ್ಟರ್ ರಜೆಯ ಹೊತ್ತಿಗೆ, ಡಾರ್ಸೆಟ್ ಪ್ರಾಂತದ ಫ್ರ್ಯಾಂಪ್ಟನ್‌ನಲ್ಲಿದ್ದ ತನ್ನ ಅಣ್ಣನ ಮನೆಗೆ ಮಕ್ಕಳನ್ನು ಕರೆದೊಯ್ಯಲು ಆಕೆ ಸಿದ್ಧಳಾದಳು. ಅಣ್ಣನಿಗೂ ಜಾರ್ಜ್‌ಗೂ ಆಗಿಬರುತ್ತಿರಲಿಲ್ಲ. ಜಗಳವಾಯಿತು. ಆಕೆ ಅಕ್ಕತಂಗಿಯರ ಮನೆಗೆ ಹೋಗಿ ಬರುವಷ್ಟರಲ್ಲಿ ಮೂವರು ಮಕ್ಕಳನ್ನೂ ಮನೆಯಿಂದ ಸಾಗಿಸಲಾಗಿತ್ತು. ಹಿರಿಯವನಿಗೆ ಆರು ವರ್ಷ, ನಡುವಿನವನಿಗೆ ನಾಲ್ಕು, ಕಿರಿಯವನಿಗೆ ಎರಡು.

ಅಂದಿನ ಇಂಗ್ಲಿಷ್ ಕಾನೂನಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮದುವೆಯಾದ ಹೆಣ್ಣಿಗೆ ಗಂಡನಿಂದ ಪ್ರತ್ಯೇಕವಾದ ಕಾನೂನುಬದ್ಧ ಅಸ್ತಿತ್ವವೇ ಇರಲಿಲ್ಲ. ಆಕೆಯ ದುಡಿಮೆ ಗಂಡನದು. ಆಕೆ ಬರೆದ ಪುಸ್ತಕದ ಸಂಭಾವನೆ ಗಂಡನದು. ಕರಾರು ಮಾಡಿಕೊಳ್ಳುವ, ದಾವೆ ಹೂಡುವ ಅಧಿಕಾರ ಆಕೆಗಿಲ್ಲ. ಮಕ್ಕಳು ತಂದೆಯ ಸೊತ್ತು. ತಂದೆ ವ್ಯಭಿಚಾರಿಯಾಗಿರಲಿ, ಕ್ರೂರಿಯಾಗಿರಲಿ, ಮಗುವನ್ನು ಯಾರ ಬಳಿ ಬೇಕಾದರೂ ಇರಿಸಬಹುದಿತ್ತು, ತಾಯಿಗೆ ಮುಖವನ್ನೂ ತೋರಿಸದೆ ಇರಬಹುದಿತ್ತು. 1804ರಲ್ಲಿ ಡಿ ಮ್ಯಾನವಿಲ್ ಎಂಬಾತ ಎಂಟು ತಿಂಗಳ ಕೂಸನ್ನು ಮೊಲೆಯುಣ್ಣುತ್ತಿರುವಾಗಲೇ ತಾಯಿಯಿಂದ ಕಿತ್ತೊಯ್ದ ಪ್ರಕರಣದಲ್ಲಿ, ಅದನ್ನು ತಾಯಿಗೆ ಮರಳಿಸಲು ನ್ಯಾಯಾಲಯ ನಿರಾಕರಿಸಿತ್ತು. ನಾನು ವೈದ್ಯನಾಗಿ ಓದುವಾಗ ಆ ಒಂದು ವಾಕ್ಯದಲ್ಲಿ ನಿಂತುಬಿಡುತ್ತೇನೆ. ಹಾಲು, ನಿದ್ದೆ, ಬೆಚ್ಚಗಿನ ಮೈ, ಇವು ಆ ಕೂಸಿಗೆ ಎಷ್ಟು ಅಗತ್ಯವೆಂದು ಅಲ್ಲಿ ಯಾರೂ ಕೇಳಲಿಲ್ಲ. ತಂದೆಯ ಹಕ್ಕು ಯಾವುದೆಂದು ಮಾತ್ರ ನೋಡಿದರು.

ಜಾರ್ಜ್ ಮಕ್ಕಳನ್ನು ಮೊದಲು ಲಂಡನ್ನಿನಲ್ಲಿ, ತರುವಾಯ ಸರ‍್ರೆ ಪ್ರಾಂತದ ವೊನರ್ಶ್‌ನಲ್ಲಿದ್ದ ಅಣ್ಣನ ಎಸ್ಟೇಟಿನಲ್ಲಿ ಇರಿಸಿದ. ಸುದ್ದಿ ತಿಳಿದ ಕ್ಯಾರೊಲಿನ್ ಅಲ್ಲಿಗೆ ಧಾವಿಸಿದಳು. ಮಕ್ಕಳು ಅಂಗಳದಲ್ಲಿ ಸಿಕ್ಕರು. ನಾಲ್ಕು ವರ್ಷದ ಬ್ರಿನ್ಸ್ಲಿಯನ್ನು ಎತ್ತಿಕೊಂಡು ಗೇಟಿನವರೆಗೂ ಓಡಿದಳು, ಗೇಟು ತೆರೆಯಲಾಗಲಿಲ್ಲ. ಆಳುಗಳು ಬೆನ್ನಟ್ಟಿ ಬಂದರು. ಎಳೆದಾಟದಲ್ಲಿ ಮಗುವಿಗೆ ನೋವಾದೀತೆಂದು ಆಕೆಯೇ ಕೈ ಸಡಿಲಿಸಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಜಾರ್ಜ್, ಈಗ ಪ್ರಧಾನಮಂತ್ರಿಯಾಗಿದ್ದ ಮೆಲ್ಬರ್ನ್ ಮೇಲೆ, ತನ್ನ ಹೆಂಡತಿಯೊಡನೆ ಅಕ್ರಮ ಸಂಬಂಧ ಹೊಂದಿದ್ದಾನೆಂದು ಆರೋಪಿಸಿ 10,000 ಪೌಂಡ್ ಪರಿಹಾರದ ದಾವೆ ಹೂಡಿದ. 1836ರ ಜೂನ್ 22ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಚಾರಣೆ ನಡೆಯಿತು. ವರದಿ ಮಾಡಲು ಬಂದವರಲ್ಲಿ ಚಾರ್ಲ್ಸ್ ಡಿಕನ್ಸ್ ಎಂಬ ಇಪ್ಪತ್ತನಾಲ್ಕರ ತರುಣನೂ ಇದ್ದ. ವಾದಿ ಗಂಡ, ಪ್ರತಿವಾದಿ ಪ್ರಧಾನಮಂತ್ರಿ. ಯಾರ ಮಾನದ ಬಗ್ಗೆ ಇಡೀ ದಿನ ಚರ್ಚೆ ನಡೆಯಿತೋ ಆ ಹೆಂಗಸು ಕಕ್ಷಿಯೂ ಅಲ್ಲ, ಸಾಕ್ಷಿಯೂ ಅಲ್ಲ; ಆಕೆಯ ಪರವಾಗಿ ಒಬ್ಬ ವಕೀಲನೂ ಎದ್ದು ನಿಲ್ಲುವಂತಿರಲಿಲ್ಲ. ಕೆಲಸದಿಂದ ಬಿಟ್ಟುಹೋಗಿದ್ದ ಮನೆಯಾಳುಗಳ ಸಾಕ್ಷ್ಯವನ್ನು ಕೇಳಿದ ಜ್ಯೂರಿ, ಎದ್ದು ಒಳಗೆ ಹೋಗುವ ಗೋಜಿಗೂ ಹೋಗದೆ, ಮೆಲ್ಬರ್ನ್ ಪರವಾಗಿ ತೀರ್ಪು ನೀಡಿತು. ಮೆಲ್ಬರ್ನ್ ಪ್ರಧಾನಿಯಾಗಿಯೇ ಮುಂದುವರಿದ. ಕ್ಯಾರೊಲಿನ್ ಕಳಂಕದಿಂದ ಮುಕ್ತಳಾದರೂ ಮಕ್ಕಳು ಮರಳಲಿಲ್ಲ. ಆಕೆ ನಿರಪರಾಧಿಯೆಂದು ಸಾಬೀತಾದ್ದರಿಂದ ವಿಚ್ಛೇದನದ ದಾರಿಯೂ ಮುಚ್ಚಿತು. ನೆನಪಿಡಿ, ಆ ಕಾಲದಲ್ಲಿ ಪೂರ್ಣ ವಿಚ್ಛೇದನಕ್ಕೆ ಸಂಸತ್ತಿನಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಬೇಕಿತ್ತು.

ಮುಂದಿನ ತಿಂಗಳುಗಳಲ್ಲಿ ಜಾರ್ಜ್ ಮಕ್ಕಳನ್ನು ಚೌಕಾಶಿಯ ವಸ್ತುವಾಗಿಸಿಕೊಂಡ. ಜೀವನಾಂಶದ ಮೊತ್ತಕ್ಕೆ ಒಪ್ಪಿದರೆ ಭೇಟಿ, ಇಲ್ಲವಾದರೆ ಇಲ್ಲ. ಭೇಟಿಗೆ ದಿನ ಗೊತ್ತುಮಾಡುವುದು, ಕೊನೆಯ ಗಳಿಗೆಯಲ್ಲಿ ರದ್ದುಮಾಡುವುದು. ಇಂದಿಗೂ ನನ್ನ ಹೊರರೋಗಿ ವಿಭಾಗದಲ್ಲಿ, ಪರಿಶೀಲಿಸಿದರೆ ಕಾಯಿಲೆ ಏನೂ ಕಾಣದ ಹೊಟ್ಟೆನೋವಿನೊಂದಿಗೆ ಬರುವ ಕೆಲವು ಮಕ್ಕಳ ಬಗ್ಗೆ ವಿಚಾರಿಸುತ್ತ ಹೋದರೆ, ಇಂಥದೇ ರದ್ದಾದ ಶನಿವಾರಗಳ ಕಥೆ ಹೊರಬೀಳುತ್ತದೆ. ಜಾರ್ಜ್ ವಿಶೇಷವಾಗಿ ದುಷ್ಟನಿದ್ದನೆಂದು ನನಗನ್ನಿಸುವುದಿಲ್ಲ. ಸಿಟ್ಟಿನಲ್ಲಿರುವ ಮನುಷ್ಯನ ಕೈಗೆ ಕಾನೂನೇ ಇಂಥ ಆಯುಧವನ್ನು ಕೊಟ್ಟಾಗ ಅದನ್ನು ಬಳಸದೆ ಇಡುವವರು ವಿರಳ.

ಕ್ಯಾರೊಲಿನ್‌ಗೆ ಉಳಿದಿದ್ದುದು ಲೇಖನಿಯೊಂದೇ. ತಾಯಿಗೆ ಮಕ್ಕಳ ಮೇಲಿರುವ ಸಹಜವಾದ ಹಕ್ಕಿನ ಕುರಿತು 1837ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದಳು. ತನ್ನ ಕಥೆಯನ್ನು ಹಿಂದಿಟ್ಟು, ನ್ಯಾಯಾಲಯಗಳ ತೀರ್ಪುಗಳನ್ನು ಒಂದೊಂದಾಗಿ ಮುಂದಿಟ್ಟು ವಾದಿಸಿದ್ದು ಅದರ ಹೆಚ್ಚುಗಾರಿಕೆ. ಮೆಲ್ಬರ್ನ್ ಪರ ವಕೀಲರಲ್ಲಿ ಒಬ್ಬನಾಗಿದ್ದ, ಸಂಸತ್ಸದಸ್ಯನೂ ಆಗಿದ್ದ ಥಾಮಸ್ ಟ್ಯಾಲ್ಫರ್ಡ್ ಈ ವಿಷಯದಲ್ಲಿ ಮಸೂದೆ ಮಂಡಿಸಲು ಮುಂದಾದ. 1837ರಲ್ಲಿ ಅದು ಮುಂದುವರಿಯಲಿಲ್ಲ. 1838ರಲ್ಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ ಗೆದ್ದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬಿದ್ದಿತು. ಲಾರ್ಡ್ ಬ್ರೂಮ್, ಉದಾರವಾದಿಯೆಂದು ಹೆಸರಾಗಿದ್ದಾತ, ಅದನ್ನು ವಿರೋಧಿಸಿದ. ಕಾನೂನು ಹೆಣ್ಣಿಗೆ ಅನ್ಯಾಯ ಮಾಡುತ್ತದೆಂಬುದನ್ನು ಆತ ಅಲ್ಲಗಳೆಯಲಿಲ್ಲ. ಅನ್ಯಾಯಗಳು ಅಷ್ಟೊಂದಿರುವಾಗ ಇದೊಂದನ್ನು ಸರಿಪಡಿಸಿ ಫಲವೇನು ಎಂಬ ಧಾಟಿಯ ವಾದ ಹೂಡಿದ. ಕ್ಯಾರೊಲಿನ್ ಸುಮ್ಮನಾಗಲಿಲ್ಲ. ಹೆಂಗಸಿನ ಬರಹವೆಂದರೆ ಕಣ್ಣೀರಿನ ಕಥೆಯೆಂದು ತಳ್ಳಿಹಾಕಿಯಾರೆಂದು, ಪಿಯರ್ಸ್ ಸ್ಟೀವನ್‌ಸನ್ ಎಂಬ ಗಂಡಸಿನ ಹೆಸರಿನಲ್ಲಿ ಲಾರ್ಡ್ ಚಾನ್ಸಲರ್‌ಗೆ ಬಹಿರಂಗ ಪತ್ರವನ್ನು ಅಚ್ಚುಹಾಕಿಸಿ ಸದಸ್ಯರಿಗೆ ಹಂಚಿದಳು. 1839ರಲ್ಲಿ ಮಕ್ಕಳ ಪಾಲನಾಧಿಕಾರದ ಕಾಯ್ದೆ ಅಂಗೀಕಾರವಾಯಿತು.

ಏನಿತ್ತು ಅದರಲ್ಲಿ? ಏಳು ವರ್ಷಕ್ಕಿಂತ ಕಿರಿಯ ಮಕ್ಕಳನ್ನು ತನ್ನ ಪಾಲನೆಗೆ ಒಪ್ಪಿಸುವಂತೆ, ಹಿರಿಯ ಮಕ್ಕಳ ಭೇಟಿಗೆ ಅವಕಾಶ ನೀಡುವಂತೆ, ತಾಯಿ ಚಾನ್ಸರಿ ನ್ಯಾಯಾಲಯವನ್ನು ಬೇಡಬಹುದಿತ್ತು. ವ್ಯಭಿಚಾರದ ಅಪರಾಧ ಸಾಬೀತಾದವಳಿಗೆ ಆ ಅವಕಾಶವಿಲ್ಲ. ಇಷ್ಟೇ. ಚಾನ್ಸರಿಯ ಖರ್ಚು ಶ್ರೀಮಂತರಿಗೆ ಮಾತ್ರ ಸಾಧ್ಯ. ಕೊಡುವುದು ಬಿಡುವುದು ನ್ಯಾಯಾಧೀಶನ ಮರ್ಜಿ. ಆದರೂ ಇದೊಂದು ಬಿರುಕು. ತಂದೆಯ ಹಕ್ಕು ಪ್ರಶ್ನಾತೀತವೆಂಬ ಗೋಡೆ ಮೊದಲ ಬಾರಿಗೆ ಬಿಟ್ಟಿತು; ಬಹಳ ಚಿಕ್ಕ ಮಗುವಿನ ಅಗತ್ಯ ದೊಡ್ಡ ಮಗುವಿನ ಅಗತ್ಯದಂತಲ್ಲ ಎಂಬ ಅರಿವು ಮೊದಲ ಬಾರಿಗೆ ಶಾಸನದ ಭಾಷೆಗೆ ಬಂತು.

ಕಾಯ್ದೆ ಬರುವ ಹೊತ್ತಿಗೆ ಕ್ಯಾರೊಲಿನ್‌ಳ ಮಕ್ಕಳು ಸ್ಕಾಟ್ಲೆಂಡಿನಲ್ಲಿ, ಜಾರ್ಜ್‌ನ ಸಹೋದರಿಯ ಮನೆಯಲ್ಲಿದ್ದರು. ಇಂಗ್ಲೆಂಡಿನ ನ್ಯಾಯಾಲಯದ ಕೈ ಅಲ್ಲಿಗೆ ಚಾಚುವಂತಿರಲಿಲ್ಲ. ತಾನೇ ಮಾಡಿಸಿದ ಕಾಯ್ದೆ ತನಗೇ ದಕ್ಕಲಿಲ್ಲ. ಗಡಿ ದಾಟಿಸಿದ ಮಗು ಕಾನೂನಿನ ಕಣ್ಣಿಗೆ ಮರೆಯಾಗುವುದು ಹೀಗೆ. ನಮ್ಮವರ ಸಂಸಾರಗಳಲ್ಲಿ ಇದೇ ಮಾತು ಎಷ್ಟು ಪ್ರಸ್ತುತವೆಂಬುದನ್ನು ಮುಂದೆ ಹೇಳುತ್ತೇನೆ.

1842ರ ಸೆಪ್ಟೆಂಬರಿನಲ್ಲಿ ಕಿರಿಯ ಮಗ ವಿಲಿಯಂ, ಯಾರ್ಕ್‌ಷೈರಿನಲ್ಲಿ ತಂದೆಯ ಎಸ್ಟೇಟಿನಲ್ಲಿದ್ದಾಗ, ಪುಟ್ಟ ಕುದುರೆಯ ಮೇಲಿಂದ ಬಿದ್ದ. ತೋಳಿನ ಮೇಲೊಂದು ತರಚುಗಾಯ. ಅದನ್ನು ಯಾರೂ ಲೆಕ್ಕಿಸಲಿಲ್ಲ. ಗಾಯ ನಂಜಾಯಿತು, ನಂಜು ರಕ್ತಕ್ಕೇರಿತು. ತಾಯಿಗೆ ಹೇಳಿಕಳುಹಿಸುವಷ್ಟರಲ್ಲಿ ಕೈಮೀರಿತ್ತು. ಆಕೆ ಬಂದು ತಲುಪಿದಾಗ ಮಗು ಶವಪೆಟ್ಟಿಗೆಯಲ್ಲಿತ್ತು. ವಿಲಿಯಂಗೆ ಒಂಬತ್ತು ವರ್ಷ. ತನ್ನ ಆರೈಕೆಯಲ್ಲಿದ್ದಿದ್ದರೆ ಮಗ ಉಳಿಯುತ್ತಿದ್ದನೆಂದು ಆಕೆ ಕೊನೆಯವರೆಗೂ ನಂಬಿದ್ದಳು. ಇದನ್ನು ನನ್ನ ವೃತ್ತಿಯ ಕಣ್ಣಿನಿಂದ ನೋಡಿದಾಗ ನಾನು ಹಾಗೆ ಖಚಿತವಾಗಿ ಹೇಳಲಾರೆ. ಪೆನಿಸಿಲಿನ್ ಬರಲು ಇನ್ನೂ ನೂರು ವರ್ಷವಿತ್ತು. ರೋಗಾಣುಗಳಿಂದ ಗಾಯ ಕೊಳೆಯುತ್ತದೆಂಬ ತಿಳಿವಳಿಕೆಯೂ ಇರಲಿಲ್ಲ. ಆದರೆ ಎರಡನೆಯ ದಿನ ತೋಳು ಕೆಂಪೇರಿದ್ದನ್ನು, ಮಗು ಊಟ ಬಿಟ್ಟದ್ದನ್ನು ಮೊದಲು ಗಮನಿಸುವುದು ಯಾರೆಂದು ಯಾವ ಮಕ್ಕಳ ವೈದ್ಯನನ್ನು ಬೇಕಾದರೂ ಕೇಳಿ. ಉಳಿಸಲಾಗದಿದ್ದರೂ ಪಕ್ಕದಲ್ಲಿ ಕೂತಿರಬಹುದಿತ್ತು. ಅದೂ ಆಕೆಗೆ ಸಿಗಲಿಲ್ಲ.

ಆ ಸಾವಿನ ತರುವಾಯವೇ ಜಾರ್ಜ್ ಉಳಿದಿಬ್ಬರನ್ನು ತಾಯಿಯ ಬಳಿ ಕೆಲಕಾಲ ಇರಲು ಬಿಟ್ಟ. ಯಾವ ನ್ಯಾಯಾಲಯವೂ ಆದೇಶಿಸಿರಲಿಲ್ಲ.

ಹಣದ ಜಗಳ ಮಾತ್ರ ನಿಲ್ಲಲಿಲ್ಲ. 1848ರಲ್ಲಿ ವರ್ಷಕ್ಕೆ 500 ಪೌಂಡ್ ಕೊಡುವುದಾಗಿ ಜಾರ್ಜ್ ಪತ್ರಕ್ಕೆ ಸಹಿ ಹಾಕಿದ. ಆಕೆಯ ತಾಯಿ ತೀರಿಕೊಂಡು ಆಕೆಗೆ ಸ್ವಲ್ಪ ವರಮಾನ ಬಂದೊಡನೆ ಕೊಡುವುದನ್ನು ನಿಲ್ಲಿಸಿದ. ಸಾಲಗಾರರನ್ನು ಆತನ ಬಳಿಗೇ ಕಳುಹಿಸಿದಳು. 1853ರಲ್ಲಿ ಗಾಡಿ ತಯಾರಕನೊಬ್ಬನ ಬಾಕಿಯ ದಾವೆಯಲ್ಲಿ ಗಂಡ ಹೆಂಡಿರಿಬ್ಬರೂ ತುಂಬಿದ ನ್ಯಾಯಾಲಯದಲ್ಲಿ ಎದುರುಬದುರಾದರು. ಗಂಡ ಹೆಂಡತಿ ಕಾನೂನಿನಲ್ಲಿ ಒಂದೇ ವ್ಯಕ್ತಿಯಾದ್ದರಿಂದ ಅವರ ನಡುವಿನ ಕರಾರು ಊರ್ಜಿತವಲ್ಲವೆಂಬುದು ಜಾರ್ಜ್‌ನಿಗೆ ರಕ್ಷೆಯಾಯಿತು. ಆಕೆಯ ಬ್ಯಾಂಕಿನ, ಪ್ರಕಾಶಕರ ಲೆಕ್ಕಪತ್ರಗಳನ್ನೂ ನ್ಯಾಯಾಲಯಕ್ಕೆ ತರಿಸಿದ್ದ. ಹದಿನೇಳು ವರ್ಷ ಹಿಂದೆ ಬಾಯಿ ಬಿಡಲು ಅವಕಾಶವಿಲ್ಲದಿದ್ದವಳು ಈ ಸಲ ಸಾಕ್ಷಿಕಟ್ಟೆಯಿಂದಲೇ ಮಾತನಾಡಿದಳು. ಬಳಿಕ 1854ರಲ್ಲಿ ಇಂಗ್ಲೆಂಡಿನ ಸ್ತ್ರೀಯರ ಕಾನೂನುಸ್ಥಿತಿಯ ಬಗ್ಗೆ, 1855ರಲ್ಲಿ ವಿಚ್ಛೇದನ ಮಸೂದೆಯನ್ನು ಕುರಿತು ವಿಕ್ಟೋರಿಯಾ ರಾಣಿಗೇ ಬಿನ್ನವಿಸಿ, ಎರಡು ಪುಸ್ತಕಗಳನ್ನು ಹೊರತಂದಳು. 1857ರ ವಿವಾಹ ಕಾಯ್ದೆಯಲ್ಲಿ, ಬೇರ್ಪಟ್ಟ ಪತ್ನಿಯ ಗಳಿಕೆ ಆಕೆಯದೇ ಎಂಬ, ಆಕೆ ಕರಾರು ಮಾಡಬಹುದು, ದಾವೆ ಹೂಡಬಹುದು ಎಂಬ ಅಂಶಗಳಲ್ಲಿ ಆಕೆಯ ವಾದದ ಛಾಯೆ ಸ್ಪಷ್ಟವಾಗಿದೆ. ವಿಚ್ಛೇದನದ ಮೊಕದ್ದಮೆ ನಡೆಸುವ ನ್ಯಾಯಾಲಯವೇ ಮಕ್ಕಳ ಪಾಲನೆಯ ಬಗ್ಗೆಯೂ ಆದೇಶ ನೀಡಬಹುದೆಂಬುದು ಅದೇ ಕಾಯ್ದೆಯಿಂದ ಬಂತು.

ಆಕೆಯನ್ನು ಇಂದಿನ ಸ್ತ್ರೀವಾದದ ಮೂರ್ತಿಯಾಗಿ ಕಡೆಯಲು ಹೊರಟವರಿಗೆ ಒಂದು ತೊಡಕಿದೆ. ಗಂಡು ಹೆಣ್ಣು ಸಮಾನರೆಂದು ಆಕೆ ಎಂದೂ ಹೇಳಲಿಲ್ಲ. ಗಂಡು ಮೇಲೆಂಬುದನ್ನು ಒಪ್ಪಿಕೊಂಡೇ, ಮೇಲಿರುವವನು ಕೆಳಗಿರುವವಳನ್ನು ಕಾಯಬೇಕೆಂದಷ್ಟೇ ಬೇಡಿದಳು. ಇದನ್ನು ಕೆಲವರು ಹೇಡಿತನವೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪೂರ್ಣ ಗಂಡಸರೇ ತುಂಬಿದ ಸಂಸತ್ತಿನಲ್ಲಿ ಮತವಿಲ್ಲದ ಹೆಂಗಸೊಬ್ಬಳು ಒಂದು ಕಾಯ್ದೆಯನ್ನು ದಾಟಿಸಬೇಕಾದರೆ ಎಷ್ಟು ಕೇಳಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಆಕೆಗೆ ಗೊತ್ತಿತ್ತು.

ಆಕೆ ತೆರೆದ ದಾರಿಯಲ್ಲಿ ಕಾನೂನು ನಿಧಾನವಾಗಿ ಸಾಗಿತು. 1873ರಲ್ಲಿ ಏಳರ ಮಿತಿ ಹದಿನಾರಕ್ಕೇರಿತು. 1925ರ ಕಾಯ್ದೆ ಮಗುವಿನ ಹಿತವೇ ಮೊದಲನೆಯದು ಮತ್ತು ಪರಮವಾದುದೆಂದು ಸಾರಿತು. 1989ರ ಚಿಲ್ಡ್ರನ್ ಆ್ಯಕ್ಟ್ ತಂದೆತಾಯಿಯರ ಹಕ್ಕು ಎಂಬ ಮಾತನ್ನು ಬದಿಗಿಟ್ಟು ಹೊಣೆ ಎಂಬ ಮಾತನ್ನು ಮುಂದಕ್ಕೆ ತಂದಿತು. ವಿಳಂಬವೇ ಮಗುವಿಗೆ ಹಾನಿಕರವೆಂಬ ತತ್ತ್ವವನ್ನೂ ಸೇರಿಸಿತು. ಹಾಗೆಂದು ವಿಳಂಬ ಹೋಗಿದೆಯೆಂದು ಭಾವಿಸಬೇಡಿ. ತಂದೆ ತಾಯಿಗಳ ತಕರಾರು ತಿಂಗಳುಗಟ್ಟಲೆ ಎಳೆದಾಡುವಾಗ, ಲಸಿಕೆಯಂಥ ಸರಳ ವಿಷಯಕ್ಕೂ ಅವರಲ್ಲಿ ಒಮ್ಮತವಾಗದೆ ನ್ಯಾಯಾಲಯದ ಅಪ್ಪಣೆಗೆ ಕಾದ ಪ್ರಸಂಗಗಳನ್ನು ಮಕ್ಕಳ ವೈದ್ಯರು ಬಲ್ಲರು. 2021ರ ಕಾಯ್ದೆ ಮನೆಯ ಹಿಂಸೆಯನ್ನು ಕಂಡು ಕೇಳಿ ಬೆಳೆದ ಮಗುವನ್ನೂ ಬಲಿಪಶುವೆಂದೇ ಗುರುತಿಸಿತು. 2022ರಲ್ಲಿ ಒಂದು ಹೊಸ ಪ್ರಯೋಗ ಆರಂಭವಾಯಿತು: ಮಗುವಿನ ಪರಿಸ್ಥಿತಿಯ ವರದಿಯನ್ನು ವಿಚಾರಣೆಯ ನಡುವೆ ತರಿಸುವ ಬದಲು ಮೊಟ್ಟಮೊದಲೇ ಸಿದ್ಧಪಡಿಸುವುದು. ಅದು ಮೊದಲು ಜಾರಿಯಾದ ಎರಡು ಪ್ರದೇಶಗಳಲ್ಲಿ ಒಂದು ಉತ್ತರ ವೇಲ್ಸ್, ಇನ್ನೊಂದು ಡಾರ್ಸೆಟ್. 1836ರ ಈಸ್ಟರ್‌ಗೆ ಕ್ಯಾರೊಲಿನ್ ಮಕ್ಕಳನ್ನು ಕರೆದೊಯ್ಯಲಿದ್ದ ಪ್ರಾಂತವೇ ಅದು.

ಈಗ ದಾವಣಗೆರೆಯ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಮಗು ಯಾರಿಗೂ ಸೇರಿದ್ದಲ್ಲ. ಎಲ್ಲಿ ವಾಸಿಸಬೇಕು, ಯಾರನ್ನು ಯಾವಾಗ ಕಾಣಬೇಕು ಎಂಬುದಷ್ಟೇ ನಿರ್ಣಯವಾಗುತ್ತದೆ. ವಯಸ್ಸಿಗೆ ತಕ್ಕಂತೆ ಮಗುವಿನ ಮನಸ್ಸನ್ನೂ ಅಧಿಕಾರಿಯೊಬ್ಬರು ಕೇಳಿ ತಿಳಿದು ನ್ಯಾಯಾಲಯಕ್ಕೆ ಬರೆಯುತ್ತಾರೆ. ಅಜ್ಜ ಅಜ್ಜಿಯರು ಭೇಟಿಗಾಗಿ ಅರ್ಜಿ ಹಾಕಲು ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಇನ್ನೊಂದು ಮಾತು ಮುಖ್ಯ. ಜಗಳವಾದೊಡನೆ ಮಗುವನ್ನು ಕರೆದುಕೊಂಡು ಊರಿಗೆ ಬಂದುಬಿಡು ಎಂದು ಮಗಳಿಗೋ ಮಗನಿಗೋ ಸಲಹೆ ಕೊಡುವ ಮುನ್ನ ಯೋಚಿಸಿ. ಮಗುವಿನ ಹೊಣೆ ಹೊತ್ತ ಇನ್ನೊಬ್ಬರ ಅಥವಾ ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಹದಿನಾರು ವರ್ಷದೊಳಗಿನ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯುವುದು 1984ರ ಕಾಯ್ದೆಯಂತೆ ಇಲ್ಲಿ ಅಪರಾಧ. ಮಗು ತನ್ನೊಡನೆ ವಾಸಿಸಬೇಕೆಂಬ ಆದೇಶ ಪಡೆದವರಿಗೆ ಮಾತ್ರ ಒಂದು ತಿಂಗಳೊಳಗಿನ ಪ್ರವಾಸಕ್ಕೆ ವಿನಾಯಿತಿಯುಂಟು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಬೆಂಗಳೂರಿಗೆ ತಂದ ಮಗುವಿನ ಮೊಕದ್ದಮೆ ಎರಡು ದೇಶಗಳಲ್ಲಿ ಏಕಕಾಲಕ್ಕೆ ನಡೆಯಬಹುದು, ಮಗು ಒಬ್ಬರ ಮುಖ ಕಾಣದೆ ವರ್ಷಗಳನ್ನು ಕಳೆಯಬಹುದು. ಗಡಿಯಾಚೆಯ ಮಗುವಿಗೆ ಕಾನೂನು ತಲುಪದ ಸ್ಕಾಟ್ಲೆಂಡಿನ ಕಥೆಯನ್ನು ನೆನಪಿಸಿಕೊಳ್ಳಿ.

ನಮ್ಮ ದೇಶದ ಕಾನೂನೂ ಇದೇ ಪ್ರವಾಹದಿಂದ ಹರಿದುಬಂದದ್ದು. ಬ್ರಿಟಿಷರ ಕಾಲದ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಮಗುವಿನ ಹಿತವನ್ನು ನೋಡುವಂತೆ ನ್ಯಾಯಾಲಯಕ್ಕೆ ಹೇಳಿತು. 1956ರ ಹಿಂದೂ ಕಾಯ್ದೆ ತಂದೆಯನ್ನು ಸಹಜ ಪೋಷಕನೆಂದು, ಆತನ ನಂತರ ತಾಯಿಯೆಂದು ಹೇಳಿ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಬೇಕೆಂದಿತು. ಆ ‘ನಂತರ’ ಎಂಬುದಕ್ಕೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ, ಆತ ಹೊಣೆ ನಿರ್ವಹಿಸದಿರುವಾಗಲೂ ಎಂದು ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅರ್ಥೈಸಿದ್ದು 1999ರಲ್ಲಿ. 1839ರಿಂದ ಎಣಿಸಿದರೆ ನೂರ ಅರವತ್ತು ವರ್ಷ.

ದಾವಣಗೆರೆಯ ಆ ದಂಪತಿಗೆ ಭಾನುವಾರ ಬೆಳಿಗ್ಗೆ ಇಲ್ಲಿನ ಹತ್ತು ಗಂಟೆಗೆ ವಿಡಿಯೊ ಕರೆಯಲ್ಲಿ ಮೊಮ್ಮಗನೊಡನೆ ಮಾತಾಡುವ ಏರ್ಪಾಟು ಈಚೆಗೆ ಆಗಿದೆಯೆಂದು ಕೇಳಿದೆ. ಸೊಸೆಯೇ ಕರೆ ಜೋಡಿಸಿಕೊಡುತ್ತಾಳಂತೆ.

ಕ್ಯಾರೊಲಿನ್‌ಳ ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿರಿಯ ಮಗ ಫ್ಲೆಚರ್ ರಾಜತಾಂತ್ರಿಕ ಸೇವೆ ಸೇರಿ, 1859ರಲ್ಲಿ ಪ್ಯಾರಿಸ್‌ನಲ್ಲಿ ಕ್ಷಯರೋಗದಿಂದ ತೀರಿಕೊಂಡ. ಉಳಿದ ಬ್ರಿನ್ಸ್ಲಿ ಇಟಲಿಯ ಕ್ಯಾಪ್ರಿ ದ್ವೀಪದ ರೈತ ಹುಡುಗಿಯನ್ನು ಮದುವೆಯಾದ. ಅವನ ಆರೋಗ್ಯವೂ ಸರಿಯಿರಲಿಲ್ಲ. ಅವನ ಇಬ್ಬರು ಮಕ್ಕಳ ಪಾಲನೆಯ ಹೊಣೆ ಬಹುಮಟ್ಟಿಗೆ ಅಜ್ಜಿಯ ಮೇಲೆ ಬಿತ್ತು. ತನ್ನ ಮಕ್ಕಳ ಬಾಲ್ಯವನ್ನು ನೋಡಲಾಗದವಳು ಚೆಸ್ಟರ್‌ಫೀಲ್ಡ್ ಸ್ಟ್ರೀಟಿನ ಮನೆಯಲ್ಲಿ ಮೊಮ್ಮಕ್ಕಳ ಬಾಲ್ಯವನ್ನು ನೋಡಿದಳು. 1875ರಲ್ಲಿ ಜಾರ್ಜ್ ಸತ್ತ. 1877ರ ಮಾರ್ಚ್‌ನಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಕಾಲು ಸ್ವಾಧೀನದಲ್ಲಿಲ್ಲದ ಸ್ಥಿತಿಯಲ್ಲಿ, ಹಳೆಯ ಗೆಳೆಯ, ವಿದ್ವಾಂಸ ಸರ್ ವಿಲಿಯಂ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ ಅವರನ್ನು ಮನೆಯಲ್ಲೇ ಮದುವೆಯಾದಳು. ಜೂನ್ 15ರಂದು ತೀರಿಕೊಂಡಳು. ಮುಂದಿನ ತಿಂಗಳು ಬ್ರಿನ್ಸ್ಲಿಯೂ ಹೋದ. ವೊನರ್ಶ್‌ನ ಗೇಟಿನವರೆಗೆ ಆಕೆ ಎತ್ತಿಕೊಂಡು ಓಡಿದ್ದ ಆ ಮಗುವಿನ ಮಗ, ಆಕೆಯ ಕೈಯಲ್ಲಿ ಬೆಳೆದ ಮೊಮ್ಮಗ, ಗ್ರಾಂಟ್ಲಿ ಮನೆತನದ ಐದನೆಯ ಪ್ರಭುವಾದ.